ಪಡಸಾಲೆಯ ಚಾಂಪಿಯನ್

ನಮ್ಮ ಮನೆಯ ಪಡಸಾಲೆಯಲ್ಲಿ ಟೆನಿಸ್ ಆಡಿದವರ ಪೈಕಿ ಅತಿ ಹೆಚ್ಚು ಪಂದ್ಯ ಗೆದ್ದವನು ನಾನು. ಪಡಸಾಲೆಯ ಹೊಸ್ತಿಲು ದಾಟಿ ಹೊರಗೆ ಬಂದ ಮೇಲೆ ನಾನು ಗೆದ್ದದ್ದು ಒಂದೂ ಇಲ್ಲ. ಈ ಎರಡು ಮಾತಿನ ನಡುವೆ ಒಂದು ಮಳೆಗಾಲ ಕಳೆದಿದೆ. ಹತ್ತು ವರ್ಷದ ಮಗಳ ಆಟವನ್ನು ನಾನು, ಒಳ್ಳೆಯದನ್ನೇ ಮಾಡುತ್ತಿದ್ದೇನೆಂಬ ಪೂರ್ಣ ವಿಶ್ವಾಸದಿಂದ, ಹೆಚ್ಚುಕಡಿಮೆ ಕೆಡಿಸಿಬಿಟ್ಟ ಮಳೆಗಾಲ ಅದು.

ನಮ್ಮ ಮನೆ ನವನಗರದಲ್ಲಿದೆ. ಅಲ್ಲಿಯೇ ಒಂದು ಸರ್ಕಾರಿ ಕಚೇರಿಯಲ್ಲಿ ನನ್ನದು ಗುಮಾಸ್ತನ ಕೆಲಸ. ಹುಟ್ಟಿದ್ದು ಶಿರಗುಪ್ಪಿಯ ಒಕ್ಕಲುತನದ ಮನೆಯಲ್ಲಿ. ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಂಡವನು ನಾನೇ ಮೊದಲಿಗ. ಘಟಿಕೋತ್ಸವದ ದಿನ ಕಪ್ಪು ಗೌನು ಹಾಕಿಕೊಂಡು ತೆಗೆಸಿದ ಫೋಟೋಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ, ಟಿ.ವಿ.ಯ ನೆತ್ತಿಯ ಮೇಲೆ ತೂಗುಹಾಕಿದ್ದೇನೆ. ದೇವರ ಫೋಟೋಗಳು ಅಡುಗೆಮನೆಯಲ್ಲಿವೆ. ಮನೆಗೆ ಬಂದವರಿಗೆ ಮೊದಲು ಯಾವುದು ಕಾಣಬೇಕೆಂಬುದರಲ್ಲಿ ನನಗೆ ಗೊಂದಲವಿಲ್ಲ.

ಮಗಳನ್ನು ಟೆನಿಸ್ಸಿಗೆ ಹಾಕಿದ್ದರಲ್ಲಿಯೂ ಆ ಫೋಟೋದ ಕೈ ಇತ್ತು. ಊರಲ್ಲಿ ನಾವು ಆಡಿದ್ದು ಕಬಡ್ಡಿ, ಚಿಣಿದಾಂಡು, ಗೋಲಿ. ಟೆನಿಸ್ ಎಂದರೆ ನನ್ನ ಮನಸ್ಸಿನಲ್ಲಿ ಪದವೀಧರರ ಮಕ್ಕಳ ಆಟ. ಬಿಳಿ ಬಟ್ಟೆ, ನಡುವೆ ಬಲೆ, ಯಾರೂ ಯಾರ ಕಾಲನ್ನೂ ಹಿಡಿದು ಎಳೆಯುವುದಿಲ್ಲ. ಧಾರವಾಡದ ದಾರಿಯಲ್ಲಿ ಒಬ್ಬ ಕೋಚ್ ಮಣ್ಣಿನ ಕೋರ್ಟು ಮಾಡಿಕೊಂಡು ಮಕ್ಕಳಿಗೆ ಕಲಿಸುತ್ತಾರೆಂದು ಕೇಳಿ, ಅವಳನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಹೋಗಿ ಸೇರಿಸಿದೆ. ಅಲ್ಲಿ ಎರಡು ತಂಡ. ಸಣ್ಣ ಮಕ್ಕಳಿಗೆ ಸಣ್ಣ ಕೋರ್ಟು, ಮೆತ್ತಗಿನ ಕೆಂಪು ಚೆಂಡು. ಆಟ ಕೈಗೆ ಹತ್ತಿದವರಿಗೆ ದೊಡ್ಡ ಕೋರ್ಟು, ಖರೇ ಚೆಂಡು. ಆರೇಳು ವರ್ಷದ ಮಕ್ಕಳೆಲ್ಲ ಬಂದು ಸೇರಿ, ಕೆಲವರು ದಾಟಿಯೂ ಹೋದರು. ಒಂದೂವರೆ ವರ್ಷವಾದರೂ ನನ್ನ ಮಗಳು ಸಣ್ಣ ಕೋರ್ಟಿನಲ್ಲಿಯೇ ಇದ್ದಳು.

ಜೂನ್ ತಿಂಗಳ ಒಂದು ಸಂಜೆ, ವಾಪಸು ಬರುವಾಗ, ಬೆನ್ನ ಹಿಂದಿನಿಂದ ಅವಳ ದನಿ ಬಂತು.

"ಅಪ್ಪಾ, ಗಣಪತಿ ಕಳಿಸಿದ ಮ್ಯಾಲೆ ಸರ್ ದೊಡ್ಡ ಕೋರ್ಟಿಗೆ ಆರಿಸ್ತಾರಂತ. ಈ ಸಲನೂ ನನ್ನ ತೊಗೊಳ್ಳಿಲ್ಲಂದ್ರ ನಾ ಇನ್ನ ಬರೂದಿಲ್ಲ."

"ಯಾಕವಾ?"

"ಆ ಸಣ್ಣ ಹುಡುಗ್ರು ನನಗ ಅಕ್ಕೋರ ಅಂತಾವಪ್ಪಾ. ಇವತ್ತ ಒಂದು ಬಂದು, ಅಕ್ಕೋರ, ನನ್ನ ಬೂಟಿನ ಲೇಸ್ ಕಟ್ರಿ ಅಂತು."

ನಮ್ಮ ಕಡೆ ಅಕ್ಕೋರು ಎಂದರೆ ಸಾಲಿಯಲ್ಲಿ ಕಲಿಸುವ ಟೀಚರು.

"ನೀ ಏನ್ ಮಾಡಿದಿ?"

"ಕಟ್ಟಿದೆ. ಮತ್ತೇನ್ ಮಾಡ್ಲಿ?"

ಅವಳಿಗೆ ಗೊತ್ತಿರಲಿಲ್ಲ, ಆ ಸಂಕಟದಲ್ಲಿ ಅವಳಪ್ಪ ಹಳೆಯ ಅನುಭವಸ್ಥ ಎಂಬುದು. ಒಂಬತ್ತನೆಯ ಇಯತ್ತೆಯಲ್ಲಿ ನಾನು ಗಣಿತದಲ್ಲಿ ನಪಾಸಾಗಿ, ಹಿಂದಿನ ಇಯತ್ತೆಯಿಂದ ಬಂದ ಹುಡುಗರ ನಡುವೆ ಮತ್ತೊಂದು ವರ್ಷ ಕೂತವನು. ಆಗಲೇ ಮೀಸೆ ಚಿಗುರಿತ್ತು. ಹುಡುಗರು ನನ್ನನ್ನು ಕಾಕಾ ಎಂದು ಕರೆದರು. "ಕಾಕಾ, ನಿಮ್ಮ ಹುಡುಗ ಯಾವ ಇಯತ್ತೆದಾಗ ಅದಾನ್ರಿ?" ಎಂದು ಒಬ್ಬ ಕೇಳಿದ್ದ. ನಾನು ಸಾಲಿ ಬಿಡುತ್ತೇನೆಂದೆ. ಅವ್ವ ಬಿಡಲಿಲ್ಲ. ಇಡೀ ವರ್ಷ ದಿನವೂ ಸಾಲಿಯ ಗೇಟಿನತನಕ ನನ್ನ ಜೊತೆ ಬಂದು, ನಾನು ಒಳಗೆ ಹೋಗುವುದನ್ನು ನೋಡಿಯೇ ಹೊಲಕ್ಕೆ ಹೋಗುತ್ತಿದ್ದಳು. ಹುಡುಗರಿಗೆ ಅದೂ ಒಂದು ನಗೆಯಾಯಿತು. ಆದರೆ ಟಿ.ವಿ.ಯ ಮೇಲಿನ ಫೋಟೋ ಹುಟ್ಟಿದ್ದು ಆ ಗೇಟಿನಲ್ಲಿಯೇ.

ಹಾಗಾಗಿ ನಾನು ನಿಶ್ಚಯಿಸಿದೆ. ನನ್ನ ಮಗಳು ಸಣ್ಣವರ ನಡುವೆ ಮತ್ತೊಂದು ವರ್ಷ ನಿಲ್ಲಬಾರದು. ಆಟವನ್ನೂ ಬಿಡಬಾರದು.

ಅಷ್ಟರಲ್ಲಿ ಮಳೆ ಹಿಡಿಯಿತು. ನಮ್ಮ ಕಡೆಯ ಜಿಟಿಜಿಟಿ ಮಳೆ ಹೊಲಕ್ಕೆ ಎಷ್ಟು ಒಳ್ಳೆಯದೋ ಮಣ್ಣಿನ ಕೋರ್ಟಿಗೆ ಅಷ್ಟೇ ಕೆಟ್ಟದ್ದು. "ಇಂದು ಕೋರ್ಟ್ ಹಸಿ ಇದೆ, ಬರಬೇಡಿ" ಎಂದು ಕೋಚ್ ವಾರದಲ್ಲಿ ನಾಲ್ಕು ದಿನ ಮೊಬೈಲಿಗೆ ಸಂದೇಶ ಕಳಿಸತೊಡಗಿದರು. ಮಗಳು ಕಿಟಕಿಯಲ್ಲಿ ನಿಂತು ಮೋಡವನ್ನು ಬೈಯತೊಡಗಿದಳು. ಆಗ ನಾನು, ಓದಿದವರು ಮಾಡುವ ಕೆಲಸವನ್ನೇ ಮಾಡಿದೆ. ಓದಿದೆ. ಟೆನಿಸ್ ಕಲಿಯುವ ಮಕ್ಕಳಿಗೆ, ಮೈ ಆಡಿಸಿ ಆಡುವಂಥ ವಿಡಿಯೊ ಗೇಮುಗಳು ತರಬೇತಿಯ ಜೊತೆಗೆ ಉಪಯೋಗಕ್ಕೆ ಬರಬಹುದು ಎಂದು ಮೊಬೈಲಿನಲ್ಲಿ ಒಂದು ಬರಹ ಸಿಕ್ಕಿತು. ಮೊಬೈಲಿನಲ್ಲಿ ಓದಿದ್ದು ನನಗೆ ಓದಿದಂತೆ ಅನಿಸುವುದಿಲ್ಲ. ಕಾಗದದ ಮೇಲೆ ತೆಗೆದು, ಕೆಂಪು ಪೆನ್ನಿನಿಂದ ಗೆರೆ ಎಳೆದೆ. ಆ ಕಾಗದ ಈಗಲೂ ಇದೆ. ಹೆಚ್ಚುಕಡಿಮೆ ಎಲ್ಲದರ ಕೆಳಗೂ ಗೆರೆ ಇದೆ. "ತರಬೇತಿಯ ಜೊತೆಗೆ" ಎಂಬಲ್ಲಿ ಮಾತ್ರ ಇಲ್ಲ.

ಹುಬ್ಬಳ್ಳಿಯಲ್ಲಿರುವ ನನ್ನ ಹೆಂಡತಿಯ ಅಣ್ಣನ ಮನೆಯಲ್ಲಿ ಅಂಥದೊಂದು ಯಂತ್ರ, ಮಕ್ಕಳು ಆಡಿ ಬೇಸತ್ತು ಬಿಟ್ಟದ್ದು, ಅಟ್ಟದ ಮೇಲೆ ಬಿದ್ದಿತ್ತು. ತಂದು ಜೋಡಿಸಿದೆ. ಟಿ.ವಿ.ಗೆ ಸಿಕ್ಕಿಸುವ ಒಂದು ಬಿಳಿ ಪೆಟ್ಟಿಗೆ, ಕೈಯಲ್ಲಿ ಹಿಡಿಯಲು ಗೇಣುದ್ದದ ಕೋಲು, ಅದು ಜಾರದಂತೆ ಮಣಿಕಟ್ಟಿಗೆ ಹಾಕಿಕೊಳ್ಳುವ ಒಂದು ದಾರ. ಕೈಯ ಕೋಲು ಬೀಸಿದರೆ ಪರದೆಯ ಮೇಲಿನ ಗೊಂಬೆ ರಾಕೆಟ್ ಬೀಸುತ್ತದೆ. ಟೀಪಾಯಿ ಅಡುಗೆಮನೆಗೆ ಹೋಯಿತು. ಅವ್ವನ ಮಂಚ ಗೋಡೆಗೆ ಸರಿಯಿತು. ಅವ್ವ ನಮ್ಮ ಜೊತೆಗೇ ಇದ್ದಾಳೆ. ಪಡಸಾಲೆ ಅವಳ ರಾಜ್ಯ. ಮಗಳು ಅವಳನ್ನು ಆಯಿ ಎಂದು ಕರೆಯುತ್ತಾಳೆ.

ಮೊದಲ ಎರಡು ವಾರ ನಿಜಕ್ಕೂ ಒಳ್ಳೆಯದಾಯಿತು, ಅದನ್ನು ಹೇಳಲೇಬೇಕು. ಮಗಳು ಮೋಡ ಬೈಯುವುದನ್ನು ಬಿಟ್ಟಳು. ಬೆವರು ಬರುವ ಹಾಗೆ ಆಡಿದಳು. ಚೆಂಡು ಬರುವುದನ್ನು ಕಾದು ಹೊಡೆಯುವುದು ಅವಳಿಗೆ ಹತ್ತಿತು. ನಡುವೆ ಒಂದು ದಿನ ಬಿಸಿಲು ಬಿದ್ದು ಕೋರ್ಟಿಗೆ ಹೋದಾಗ ಕೋಚ್ ಕೂಡ, "ಟೈಮಿಂಗ್ ಛಲೋ ಆಗೇತ್ರಿ ಸರ್, ಏನ್ ಮಾಡೀರಿ?" ಎಂದರು. ನಾನು ಗುಟ್ಟು ಬಲ್ಲವನ ಹಾಗೆ ನಕ್ಕೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಇಷ್ಟಕ್ಕೇ ಮುಗಿಯುತ್ತಿತ್ತು.

ನಾನು ನೋಟ್‌ಬುಕ್ ತಂದೆ. ಸ್ಕೇಲ್ ಇಟ್ಟು ಗೆರೆ ಹೊಡೆದು ತಾರೀಖು, ವೇಳೆ, ಪಾಯಿಂಟು, ಗೆಲುವು, ಷರಾ ಎಂದು ಐದು ಕಾಲಂ ಮಾಡಿದೆ. ಸಂಜೆ ಆರರಿಂದ ಆರೂಮುಕ್ಕಾಲು ಫೋರ್‌ಹ್ಯಾಂಡ್, ಅಲ್ಲಿಂದ ಏಳೂವರೆ ಬ್ಯಾಕ್‌ಹ್ಯಾಂಡ್ ಎಂದು ವೇಳಾಪಟ್ಟಿ ಬರೆದು ಗೋಡೆಗೆ ಹಚ್ಚಿದೆ. ಕಲಿಸುವವನಿಗೆ ಮೊದಲು ಬರಬೇಕಲ್ಲ ಎಂದು ಬೆಳಿಗ್ಗೆ ಕಚೇರಿಗೆ ಹೋಗುವ ಮುಂಚೆ ನಾನೂ ಆಡತೊಡಗಿದೆ. ಆಡುತ್ತ ಆಡುತ್ತ ಒಂದು ದೊಡ್ಡ ಶೋಧ ಮಾಡಿದೆ. ಗೊಂಬೆ ತಾನೇ ಓಡುತ್ತದೆ. ಚೆಂಡು ಎಲ್ಲಿಯೇ ಬೀಳಲಿ, ಅದು ತಾನಾಗಿ ಅಲ್ಲಿಗೆ ಹೋಗಿ ನಿಲ್ಲುತ್ತದೆ. ನಾವು ಮಾಡಬೇಕಾದದ್ದು ಸರಿಯಾದ ಹೊತ್ತಿಗೆ ಮಣಿಕಟ್ಟನ್ನು ತುಸು ತಿರುವುವುದು, ಅಷ್ಟೇ. ಕೈ ಪೂರ್ತಿ ಬೀಸಿದವನು ತಡವಾಗಿ ಸೋಲುತ್ತಾನೆ. ಕುರ್ಚಿಯಲ್ಲಿ ಕೂತು, ಒಂದು ಕೈಯಲ್ಲಿ ಚಹಾದ ಕಪ್ಪು ಹಿಡಿದು ತಿರುವಿದವನು ಗೆಲ್ಲುತ್ತಾನೆ.

ಈ ಶೋಧಕ್ಕೆ ನನ್ನ ಇಡೀ ವಿದ್ಯಾಭ್ಯಾಸವೇ ನನ್ನನ್ನು ತಯಾರು ಮಾಡಿತ್ತು. ನಾನು ಬಿ.ಎ. ಪಾಸಾದದ್ದು ಗೈಡಿನ ಹತ್ತು ಮುಖ್ಯ ಪ್ರಶ್ನೆಗಳನ್ನು ಬಾಯಿಪಾಠ ಮಾಡಿ. ಹನ್ನೊಂದನೆಯದು ಬಂದ ವರ್ಷ ನಪಾಸು, ಹತ್ತರೊಳಗೆ ಬಂದ ವರ್ಷ ಪಾಸು. ಮೂರು ವರ್ಷದ ಪದವಿಗೆ ನನಗೆ ಐದು ವರ್ಷ ಹಿಡಿಯಿತು. ಪುಸ್ತಕ ಪೂರ್ತಿ ಓದುವುದು ಶ್ರೀಮಂತರ ಮನೆಯವರ ಕೆಲಸ. ನಮ್ಮಂಥವರಿಗೆ ಸಿಕ್ಕ ಸಂದಿಯಲ್ಲಿ ನುಗ್ಗಿ ಆಚೆ ಹೋಗುವುದೇ ವಿದ್ಯೆ. ಮಗಳಿಗೂ ಅದನ್ನೇ ದಾನ ಮಾಡಿದೆ.

"ಓಡಬ್ಯಾಡವಾ, ಅದು ತಾನ ಓಡ್ತೈತಿ. ನೀ ಇಲ್ಲೇ ನಿಂದ್ರು. ಮಣಿಕಟ್ಟಷ್ಟ ತಿರುವು. ನೋಡು, ಹಿಂಗ."

"ಸರ್ ಪೂರಾ ಕೈ ಬೀಸು ಅಂತಾರಪ್ಪಾ."

"ಅವರು ಅಲ್ಲಿಂದು ಹೇಳ್ತಾರ. ಇದು ಶಾರ್ಟ್‌ಕಟ್."

ಜುಲೈ ಮುಗಿಯುವ ಹೊತ್ತಿಗೆ ಅವಳು ಯಂತ್ರದ ಅತಿ ಕಠಿಣ ಎದುರಾಳಿಯನ್ನು ಸೋಲಿಸಿದಳು. ಷರಾ ಕಾಲಂನಲ್ಲಿ "ಅತ್ಯುತ್ತಮ" ಎಂದು ಬರೆದು ಸಹಿ ಮಾಡಿದೆ. ಮಳೆ ತಗ್ಗಿ, ಕೋರ್ಟು ಒಣಗಿದ ಮೇಲೂ ಮಂಗಳವಾರ, ಗುರುವಾರ ಅವಳನ್ನು ಕೋರ್ಟಿಗೆ ಕಳಿಸಲಿಲ್ಲ. ಅಲ್ಲಿ ಸರದಿಯಲ್ಲಿ ನಿಂತು ತಾಸಿಗೆ ಮೂವತ್ತು ಚೆಂಡು ಹೊಡೆಯುವುದಕ್ಕಿಂತ ಮನೆಯಲ್ಲಿ ಮುನ್ನೂರು ಹೊಡೆಯುವುದು ಮೇಲಲ್ಲವೇ?

ಈ ನಡುವೆ ನಮ್ಮವ್ವನೂ ಆಟಕ್ಕೆ ಇಳಿದಳು. ಒಂದು ಭಾನುವಾರ ಮಗಳೇ ಕೋಲನ್ನು ಅವಳ ಕೈಗೆ ಕೊಟ್ಟು ದಾರ ಹಾಕಿದಳು. ಅವ್ವ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ನಿಂತವಳ ಹಾಗೆ ಪಡಸಾಲೆಯ ನಡುಮಧ್ಯ ನಿಂತಳು. ಪರದೆಯಲ್ಲಿ ಚೆಂಡು ಬಲಕ್ಕೆ ಬಿತ್ತು. ಅವ್ವ ಬಲಕ್ಕೆ ಓಡಿದಳು, ಖರೇ ಓಡಿದಳು, ಕಪಾಟಿನತನಕ. ಅಲ್ಲಿ ಹೋಗಿ ಬೀಸುವ ಹೊತ್ತಿಗೆ ಪಾಯಿಂಟು ಹೋಗಿತ್ತು. ಮುಂದಿನ ಚೆಂಡು ಎಡಕ್ಕೆ. ಅವ್ವ ಮಂಚದತ್ತ ಓಡಿದಳು. ಮಗಳು ನಕ್ಕು ನಕ್ಕು ನೆಲಕ್ಕೆ ಕೂತಳು.

"ಅವ್ವಾ, ಎಲ್ಲಿಗೆ ಓಡ್ತಿ? ನಿಂತಲ್ಲೇ ನಿಂತು ಹೊಡಿ," ಎಂದೆ.

"ಚೆಂಡು ಅಲ್ಲಿ ಬಿದ್ರ ಇಲ್ಲಿ ನಿಂತು ಹೆಂಗ ಹೊಡೀಲೋ ತಮ್ಮಾ?"

"ಗೊಂಬಿ ಓಡ್ತೈತಿ ನಿನ್ನ ಬದಲಿ."

"ಗೊಂಬಿ ಓಡಿದ್ರ ಗೊಂಬಿ ಗೆದ್ದಂಗಾತು. ನಾ ಯಾಕ ಖುಷಿ ಪಡ್ಲಿ?"

ಅವ್ವ ಹತ್ತು ಪಂದ್ಯ ಆಡಿ ಹತ್ತನ್ನೂ ಸೋತಳು. ನೋಟ್‌ಬುಕ್ಕಿನಲ್ಲಿ ಅವಳಿಗೂ ಒಂದು ಪುಟ ಕೊಟ್ಟು, ಷರಾದಲ್ಲಿ "ಸುಧಾರಣೆ ಅಗತ್ಯ" ಎಂದು ಬರೆದೆ. ನಾನು ಕಚೇರಿಗೆ ಹೋದ ಮೇಲೆ, ಸಾಲಿ ರಜೆ ಇದ್ದ ದಿನ, ಅಜ್ಜಿ ಮೊಮ್ಮಗಳು ಕೂಡಿ ಓಡಾಡಿ ಆಡುತ್ತಾರೆಂದು ನನ್ನ ಹೆಂಡತಿ ಹೇಳುತ್ತಿದ್ದಳು. ಆ ಅಂಕಗಳನ್ನು ನಾನು ದಾಖಲು ಮಾಡಿಕೊಳ್ಳಲಿಲ್ಲ. ಶಿಸ್ತಿಲ್ಲದ ಆಟ.

ಆಗಸ್ಟಿನ ಒಂದು ಶನಿವಾರ ನೋಟ್‌ಬುಕ್ ಬಗಲಲ್ಲಿ ಇಟ್ಟುಕೊಂಡು ಕೋಚ್ ಅವರ ಬಳಿ ಹೋದೆ. ಗಣಪತಿ ಕಳಿಸಲು ಇನ್ನು ಮೂರು ವಾರ ಇತ್ತು. ಆಯ್ಕೆಗೆ ಮುಂಚೆ ದಾಖಲೆ ಸಲ್ಲಿಸುವುದು ಒಳ್ಳೆಯದೆಂದು ನನ್ನ ವಿಚಾರ. ಕಚೇರಿಯಲ್ಲಿ ಇಷ್ಟು ವರ್ಷ ಕಲಿತದ್ದು ಅದನ್ನೇ. ಕೋಚ್ ನನಗಿಂತ ಹದಿನೈದು ವರ್ಷ ಚಿಕ್ಕವರು, ಮಿತಭಾಷಿ.

"ಸರ್, ಮಂಗಳವಾರ, ಗುರುವಾರ ಯಾಕ ಬರವಲ್ಲಳ್ರಿ?"

"ಮನ್ಯಾಗ ಪ್ರಾಕ್ಟೀಸ್ ನಡದೈತ್ರಿ. ನೋಡ್ರಿಲ್ಲೆ."

ಅವರು ನಿಂತುಕೊಂಡೇ ನಾಲ್ಕೈದು ಪುಟ ತಿರುವಿದರು. "ಅಕ್ಷರ ಭಾಳ ಚಂದ ಅದಾವ್ರಿ ಸರ್ ನಿಮ್ಮವು."

"ಥ್ಯಾಂಕ್ಸ್ ರಿ."

"ಇದರಾಗ ಕಾಲಿಂದು ಎಲ್ಲಿ ಬರದೀರಿ?"

"ಕಾಲಿಂದು?"

"ಪಾಯಿಂಟ್ ಐತಿ, ಗೆಲುವು ಐತಿ. ಕಾಲು ಎಷ್ಟ ಹೆಜ್ಜಿ ಹಾಕ್ಯಾವು ಅನ್ನೂದು ಎಲ್ಲೂ ಕಾಣವಲ್ದಲ್ರಿ."

"ಅದರಾಗ ಕಾಲು ಬೇಕಾಗೂದಿಲ್ರಿ. ಗೊಂಬಿನ ಓಡ್ತೈತಿ," ಎಂದು ನನ್ನ ಶೋಧವನ್ನು ವಿವರಿಸಿದೆ. ಅವರು ಪೂರ್ತಿ ಕೇಳಿ, ನೋಟ್‌ಬುಕ್ ಮುಚ್ಚಿ ಬೆಂಚಿನ ಮೇಲಿಟ್ಟು, ಒಂದು ರಾಕೆಟ್ ತೆಗೆದು ನನ್ನ ಕೈಗೆ ಕೊಟ್ಟರು.

"ಬರ್ರಿ ಸರ್, ನೀವ ನಾಕು ಚೆಂಡು ಆಡ್ರಿ ನೋಡೂಣು."

ನಾನು ಹಿಂಜರಿಯಲಿಲ್ಲ ಎಂಬುದೇ ನನಗೆ ಇಂದಿಗೂ ನಾಚಿಕೆ ತರುವ ಸಂಗತಿ. ಕಚೇರಿಯ ಪ್ಯಾಂಟು, ಕಚೇರಿಯ ಬೂಟು ಹಾಕಿಕೊಂಡೇ ಹೋಗಿ ನಿಂತೆ. ಕಠಿಣ ಎದುರಾಳಿಯನ್ನು ಚಹಾ ಕುಡಿಯುತ್ತ ಸೋಲಿಸಿದವನು ನಾನು. ಸಣ್ಣ ಕೋರ್ಟಿನ ಮಕ್ಕಳೆಲ್ಲ ನೀರಿನ ಬಾಟಲಿ ಹಿಡಿದು ಗೆರೆಯ ಹೊರಗೆ ಸಾಲಾಗಿ ಕೂತವು. ಮಗಳು ಅವುಗಳ ನಡುವೆ, ಒಂದು ತಲೆ ಎತ್ತರವಾಗಿ.

ಮೊದಲ ಚೆಂಡು ನನ್ನ ಬಲಕ್ಕೆ ಎರಡು ಮಾರು ದೂರ ಬಿತ್ತು. ನಾನು ನಿಂತಲ್ಲೇ ಮಣಿಕಟ್ಟು ತಿರುವಿದೆ. ಗೊಂಬೆ ಓಡಲಿಲ್ಲ, ಏಕೆಂದರೆ ಗೊಂಬೆ ನಾನೇ ಆಗಿದ್ದೆ. ಎರಡನೆಯದು ಎಡಕ್ಕೆ. ಮತ್ತೆ ತಿರುವಿದೆ. ಸಾಲಿನಿಂದ ಒಂದು ಸಣ್ಣ ದನಿ ಎದ್ದಿತು.

"ಕಾಕಾ, ಓಡ್ರೀ!"

ಮೂರನೆಯ ಚೆಂಡಿಗೆ ಅದು ಇಡೀ ಸಾಲಿನ ಕೂಗಾಯಿತು. ಕಾಕಾ ಓಡ್ರಿ, ಕಾಕಾ ಓಡ್ರಿ. ಮೂವತ್ತು ವರ್ಷದ ಹಿಂದೆ ಬಿಟ್ಟು ಬಂದ ಬೆಂಚು ನನ್ನನ್ನು ಹುಡುಕಿಕೊಂಡು ಬಂದಿತ್ತು. ನಾಲ್ಕನೆಯದಕ್ಕೆ ಖರೇ ಓಡಿದೆ. ಸಡಿಲ ಕೆಂಪು ಮಣ್ಣಿನ ಮೇಲೆ ಕಚೇರಿಯ ಬೂಟು ಜಾರಿತು. ಚೆಂಡು ಎಲ್ಲಿ ಬಿತ್ತೋ ಗೊತ್ತಿಲ್ಲ. ನಾನು ಬಿದ್ದದ್ದು ಕೋರ್ಟಿನ ನಡುವೆ, ಕೂತ ಭಂಗಿಯಲ್ಲಿ. ಮಕ್ಕಳು ಚಪ್ಪಾಳೆ ತಟ್ಟಿದವು. ಮಗಳು ತಟ್ಟಲಿಲ್ಲ.

ಕೋಚ್ ಕೈ ಹಿಡಿದು ಎಬ್ಬಿಸಿ, ಬದಿಗೆ ಕರೆದುಕೊಂಡು ಹೋಗಿ, ಮೆಲ್ಲಗೆ ಮಾತಾಡಿದರು.

"ಸರ್, ಬೇಜಾರ ಆಗಬ್ಯಾಡ್ರಿ. ಮೊದಲ ಆಕಿ ಓಡಿ ಚೆಂಡು ತಪ್ಪಿಸ್ತಿದ್ಲು. ಈಗ ನಿಂತು ತಪ್ಪಿಸ್ತಾಳ. ಓಡಿ ತಪ್ಪಿಸಾಕಿನ್ನ ನಾ ದೊಡ್ಡ ಕೋರ್ಟಿಗೆ ಒಯ್ದು ಕಲಿಸಬಹುದು. ನಿಂತಾಕಿನ್ನ ಒಯ್ದು ಏನ್ ಮಾಡ್ಲ್ರಿ?"

"ಆ ಮಷೀನ್ ಇವತ್ತ ಅಟ್ಟಕ್ಕ ಹಾಕಿಬಿಡ್ತೇನ್ರಿ."

"ಯಾಕ್ರಿ? ಮಳಿ ಬಂದಾಗ ಸುಮ್ನ ಕುಂದ್ರೂದಕಿಂತ ಛಲೋ ಅದು. ಕಣ್ಣು, ಕೈ ಎರಡೂ ಸುಧಾರಿಸ್ಯಾವು ಆಕಿವು. ಆಡಸ್ರಿ. ಓಡಿಸಿ ಆಡಸ್ರಿ. ಮತ್ತ ಇಲ್ಲಿಗೂ ಕಳಸ್ರಿ, ಅಷ್ಟ."

ಮಗಳು ನನ್ನ ಹಿಂದೆ ಸ್ಕೂಟರ್ ಹತ್ತಿದಳು. ಆಮೇಲೆ, "ಅಪ್ಪಾ, ನಿನ್ನ ಪ್ಯಾಂಟು ಹಿಂದ ಪೂರಾ ಕೆಂಪಾಗೇತಿ," ಎಂದಳು.

"ಆಗ್ಲಿ ಬಿಡು."

"ಟಿವಿಯಾಗ ಗೆದ್ದಂಗ ಇಲ್ಲಿ ಆಗವಲ್ದು ಅಂತ ನನಗ ಗೊತ್ತಾಗಿತ್ತಪ್ಪಾ."

"ಗೊತ್ತಾಗಿತ್ತ? ಮತ್ತ ಯಾಕ ಹೇಳ್ಲಿಲ್ಲ?"

"ನೀ ಅಷ್ಟ ಚಂದ ಗೆರಿ ಹೊಡದು ಬರೀತಿದ್ದಿ."

ಬಿದ್ದಾಗ ಹತ್ತದ ಪೆಟ್ಟು ಆಗ ಹತ್ತಿತು. ಆಯ್ಕೆಯಾಗದಿದ್ದರೆ ಆಟ ಬಿಡುತ್ತೇನೆಂದು ನನ್ನನ್ನು ನಂಬಿ ಹೇಳಿದ ಮಗಳನ್ನು, ಗೆಲ್ಲಿಸುವ ಹುರುಪಿನಲ್ಲಿ, ಸೋಲುವ ಕಡೆಗೆ ನಾನೇ ಎರಡು ತಿಂಗಳು ಕೈ ಹಿಡಿದು ನಡೆಸಿದ್ದೆ. ಅವಳು ನನ್ನ ಅಕ್ಷರದ ಮೇಲಿನ ಮರ್ಯಾದೆಗೆ ಸುಮ್ಮನೆ ಬಂದಿದ್ದಳು.

ಮನೆಯಲ್ಲಿ ನನ್ನ ಹೆಂಡತಿ ಪ್ಯಾಂಟು ನೋಡಿದಳು. ಅವಳು ಸತ್ತೂರಿನ ಕಡೆ ಆಸ್ಪತ್ರೆಯಲ್ಲಿ ನರ್ಸು. ಎಲ್ಲಿ ಒತ್ತಿದರೆ ನೋಯುತ್ತದೆ ಎಂಬುದು ಚೆನ್ನಾಗಿ ಗೊತ್ತು.

"ಬಿ.ಎ. ಮಾಡಾಕ ಎಷ್ಟ ವರ್ಷ ಹಿಡೀತ್ರಿ ನಿಮಗ?"

"ಐದು."

"ಟೆನಿಸ್‌ನ್ಯಾಗ ಎರಡ ತಿಂಗಳಿಗೆ ಪಿಎಚ್.ಡಿ. ಮುಗಿಸಿ ಬಂದ್ರಿ ನೋಡ್ರಿ."

ನಾನು ಯಂತ್ರದ ವೈರು ಕೀಳಲು ಹೋದೆ. ಅವಳು ತಡೆದಳು. "ಅದೇನ್ ಮಾಡೈತ್ರಿ ಪಾಪ. ಅದನ್ನ ಬಿಟ್ಟು ನಿಮ್ಮವ್ವನ್ನ ಕೇಳ್ರಿ. ಈ ಮನ್ಯಾಗ ಓಡಿ ಆಡಿದಾಕಿ ಆಕಿ ಒಬ್ಬಾಕಿ."

ಪದವಿ ಪಡೆದ ಮೇಲೆ ನಾನು ಅವ್ವನಿಗೆ ಬಹಳ ಹೇಳಿಕೊಟ್ಟಿದ್ದೇನೆ: ಸಹಿ ಮಾಡುವುದು, ಮೊಬೈಲ್ ಹಿಡಿಯುವುದು, ಲಿಫ್ಟಿನಲ್ಲಿ ಗುಂಡಿ ಒತ್ತುವುದು. ಅವಳಿಂದ ಕೇಳಿದ್ದು ನೆನಪಿಲ್ಲ. ಮಂಚದ ತುದಿಯಲ್ಲಿ ಕೂತು, "ಅವ್ವಾ, ನೀ ಹೆಂಗ ಓಡಿ ಹೊಡೀತಿದ್ದಿ, ಒಂದೀಟು ಕಲಿಸಿಕೊಡು ಆಕಿಗೆ," ಎಂದೆ.

"ನಾ ಹತ್ತಕ್ಕ ಹತ್ತೂ ಸೋತಾಕಿ. ನೀನ ಬರದಿಯಲ್ಲ, ಸುಧಾರಣಿ ಬೇಕಂತ."

"ಯಾರ್ ಓದಿ ಹೇಳಿದ್ರು?"

"ನಿನ್ನ ಮಗಳು. ಭಾಳ ಚಂದ ಓದ್ತಾಳ."

ಮಾರನೆಯ ದಿನದಿಂದ ಪಡಸಾಲೆ ಅವ್ವನ ಕೈಗೆ ಹೋಯಿತು. ಅವಳು ಸೀಮೆಸುಣ್ಣದಿಂದ ನೆಲದ ಮೇಲೆ ಮೂರು ವರ್ತುಲ ಬರೆದಳು. ಒಂದು ನಡುವೆ, ಒಂದು ಕಪಾಟಿನ ಹತ್ತಿರ, ಒಂದು ಮಂಚದ ಹತ್ತಿರ. ಪರದೆಯಲ್ಲಿ ಚೆಂಡು ಬಲಕ್ಕೆ ಬಂದರೆ ಕಪಾಟಿನ ವರ್ತುಲಕ್ಕೆ ಓಡಿಯೇ ಬೀಸಬೇಕು, ಬೀಸಿದ ಮೇಲೆ ನಡುವಿನದಕ್ಕೆ ತಿರುಗಿ ಬರಬೇಕು. ಕೈ ಪೂರ್ತಿ, ಭುಜದಿಂದ. ಪಾಯಿಂಟು ಬಂತೋ ಹೋಯಿತೋ ಕೇಳುವಂತಿಲ್ಲ. ಹೀಗೆ ಆಡಿದರೆ ಆ ಯಂತ್ರದ ಎದುರು ಗೆಲ್ಲುವುದು ಆಗದ ಮಾತು. ಕಾಲು ಮುಟ್ಟುವ ಹೊತ್ತಿಗೆ ಚೆಂಡು ಹೋಗಿರುತ್ತದೆ. ಮಗಳು ಸೋತಳು, ಸೋತಳು, ದಿನವೂ ಸೋತಳು. ನನಗೆ ಸಿಕ್ಕ ಕೆಲಸ ಅದೇ ನೋಟ್‌ಬುಕ್ಕಿನಲ್ಲಿ ಹೊಸದೊಂದು ಕಾಲಂ ಎಳೆದು ಹೆಜ್ಜೆ ಎಣಿಸುವುದು. ಗೆಲುವಿನ ಕಾಲಂನಲ್ಲಿ ಪುಟಗಟ್ಟಲೆ ಸೊನ್ನೆ ಬರೆದೆ. ನಪಾಸಾದವನ ಕೈಯಿಂದ ಸೊನ್ನೆ ಬರೆಸುವುದು ಎಂಥ ಶಿಕ್ಷೆಯೆಂದು ಅವ್ವನಿಗೆ ಗೊತ್ತಿತ್ತೋ ಏನೋ.

"ಎಣಸ್ಕೋತ ಏನ್ ಕುಂತಿ? ನೀನೂ ಓಡು, ಎದ್ದೇಳು," ಎಂದು ನಡುನಡುವೆ ನನ್ನನ್ನೂ ಎಬ್ಬಿಸುತ್ತಿದ್ದಳು. ಓಡಿದೆ. ಎರಡನೆಯ ದಿನ ಕಪಾಟಿನ ಬಾಗಿಲಿಗೆ ಮೊಣಕೈ ಹೊಡೆದುಕೊಂಡೆ. ನಾಲ್ಕನೆಯ ದಿನ ಬೀಸಿದ ಕೈ ಮೇಲಕ್ಕೆ ಹೋಗಿ ಘಟಿಕೋತ್ಸವದ ಫೋಟೋಕ್ಕೆ ತಾಗಿತು. ಕಟ್ಟಿನ ಗಾಜು ಸೀಳಿತು, ಗೌನು ಹಾಕಿದ ನನ್ನ ಎಡಗಿವಿಯಿಂದ ಬಲಭುಜದತನಕ. ಅದನ್ನು ಇನ್ನೂ ಬದಲಿಸಿಲ್ಲ.

ಕೋರ್ಟಿಗೂ ಒಂದು ದಿನ ತಪ್ಪದೆ ಕರೆದುಕೊಂಡು ಹೋದೆ. ಮಳೆ ಬಂದ ದಿನ ಪಡಸಾಲೆ, ಒಣಗಿದ ದಿನ ಕೋರ್ಟು. ನನ್ನ ಕಾಗದದಲ್ಲಿ ಕೆಂಪು ಗೆರೆ ಬೀಳದೆ ಉಳಿದ ಮಾತು ಇದೇ ಆಗಿತ್ತು.

ಗಣಪತಿ ಕಳಿಸಿದ ನಂತರದ ಭಾನುವಾರ ಬೆಳಿಗ್ಗೆ ಅವ್ವನೂ ಬರುತ್ತೇನೆಂದಳು. ಚೀಲದಲ್ಲಿ ಶೇಂಗಾ ಉಂಡಿಯ ಡಬ್ಬಿ ಇಟ್ಟುಕೊಂಡು ಆಟೋದಲ್ಲಿ ಬಂದು ಕೋರ್ಟಿನ ಬದಿಯ ಬೆಂಚಿನಲ್ಲಿ ಕೂತಳು. ಒಬ್ಬೊಬ್ಬ ಮಗುವಿಗೆ ಹತ್ತು ಚೆಂಡು. ನನ್ನ ಮಗಳ ಸರದಿ ಬಂದಾಗ ನಾನು ಬಲೆಯ ಕಂಬ ನೋಡುತ್ತ ನಿಂತೆ. ಆಮೇಲೆ ತಡೆಯಲಾಗದೆ ಅವಳ ಕಾಲುಗಳನ್ನೇ ನೋಡಿದೆ. ಬಲಕ್ಕೆ ಓಡಿದಳು, ನಡುವಿಗೆ ಬಂದಳು. ಎಡಕ್ಕೆ ಓಡಿದಳು, ನಡುವಿಗೆ ಬಂದಳು. ಆ ಓಟದಲ್ಲಿ ಸೊಂಟ ತುಸು ಬಾಗಿ, ಎಡಗೈ ಇಲ್ಲದ ಸೆರಗನ್ನು ಹಿಡಿದುಕೊಂಡಂತೆ ಇತ್ತು. ನಾಲ್ಕು ಚೆಂಡು ಗೆರೆಯೊಳಗೆ ಬಿದ್ದವು. ಮೂರು ಬಲೆಗೆ. ಎರಡು ಗೆರೆಯ ಆಚೆ. ಕೊನೆಯದು ಬಹಳ ದೂರ ಬಿತ್ತು. ಓಡಿ ಹೋಗಿ ರಾಕೆಟ್ಟಿನ ಅಂಚು ತಾಗಿಸಿದಳು, ಅಷ್ಟೇ. ಚೆಂಡು ಕುಂಟುತ್ತ ಬಲೆಯತನಕ ಹೋಗಿ ಈಚೆಗೇ ಬಿದ್ದಿತು. ಹತ್ತಕ್ಕೆ ನಾಲ್ಕು. ನನ್ನ ಶಿಕ್ಷಣದ ಪ್ರಕಾರ ಅದು ಅಂಚಿನ ಪಾಸು.

ಕೋಚ್ ಅವಳನ್ನು ಕರೆದು ದೊಡ್ಡ ಕೋರ್ಟಿನ ಕಡೆ ಬೆರಳು ತೋರಿಸಿದರು. "ಮಂಗಳವಾರದಿಂದ ಆ ಕಡಿ ಬಾ." ನನ್ನ ಕಡೆ ತಿರುಗಿ, "ಗುರುವಾರನೂ," ಎಂದರು. ಆಮೇಲೆ ಅವಳನ್ನೇ ಕೇಳಿದರು. "ಯಾರ್ ಕಲಿಸಿದ್ರವಾ, ಹಿಂಗ ತಿರುಗಿ ನಡುವ ಬರೂದು?"

ನಾನು ಗಂಟಲು ಸರಿಮಾಡಿಕೊಂಡೆ.

"ಆಯಿ ರಿ," ಎಂದಳು ಮಗಳು.

ಕೋಚ್ ಬೆಂಚಿನ ಕಡೆ ನೋಡಿ ಕೈ ಮುಗಿದರು. ಅವ್ವ ಡಬ್ಬಿಯ ಮುಚ್ಚಳ ತೆಗೆಯುತ್ತ, "ನಂದೇನೈತ್ರಿ ಅದರಾಗ? ಚೆಂಡು ಎಲ್ಲಿ ಬಿದ್ದೈತಿ ಅಲ್ಲಿಗೆ ಹೋಗಬೇಕು. ನನ್ನ ಮಗಗ ಅದನ್ನ ಕಾಲೇಜಿನ್ಯಾಗ ಯಾರೂ ಹೇಳಿಲ್ಲ ಕಾಣ್ತೈತಿ. ತೊಗೋರಿ, ಉಂಡಿ ತಿನ್ರಿ," ಎಂದಳು.

ಉಂಡಿ ತಿಂದು ಕೈ ಒರೆಸಿಕೊಂಡ ಮೇಲೆ ಕೋಚ್ ನನ್ನ ಬಳಿ ಬಂದರು. ಮನೆಯಲ್ಲಿ ಆಡಿಸುವವರಿಗೂ ಸ್ವಲ್ಪ ಬರಬೇಕು, ಪ್ರತಿ ಭಾನುವಾರ ಏಳು ಗಂಟೆಗೆ ಸಣ್ಣ ಕೋರ್ಟಿಗೆ ಬರ್ರಿ, ಬೂಟು ಬೇರೆ ಹಾಕಿಕೊಂಡು ಬರ್ರಿ ಎಂದರು. ಮೆತ್ತಗಿನ ಕೆಂಪು ಚೆಂಡು. ಆರೇಳು ವರ್ಷದವರ ತಂಡ. ನಾನು ಒಲ್ಲೆ ಅನ್ನಲು ಬಾಯಿ ತೆರೆದೆ. ಅವ್ವ ನೋಡುತ್ತಿದ್ದಳು.

ಮುಂದಿನ ಭಾನುವಾರ ನನ್ನ ಜೊತೆ ಅವಳೂ ಬಂದಳು. ಗೇಟಿನ ಹತ್ತಿರ ನಿಂತು, ನಾನು ಒಳಗೆ ಹೋಗುವತನಕ ನೋಡಿ, ಆಮೇಲೆ ದೊಡ್ಡ ಕೋರ್ಟಿನ ಕಡೆ ಮೊಮ್ಮಗಳ ಆಟ ನೋಡಲು ಹೋದಳು. ನಾನು ಸಾಲಿನಲ್ಲಿ ಕೊನೆಯವನಾಗಿ, ಉಳಿದವರಿಗಿಂತ ಮೂರು ತಲೆ ಎತ್ತರವಾಗಿ ನಿಂತೆ. ನನ್ನ ಮುಂದಿನ ಪುಟ್ಟ ಹುಡುಗಿ ತಿರುಗಿ ಮೇಲಕ್ಕೆ ನೋಡಿ, ಒಂದು ಕಾಲು ಮುಂದೆ ಚಾಚಿದಳು.

"ಕಾಕಾ, ಲೇಸ್ ಕಟ್ರಿ."

ಕಟ್ಟಿದೆ. ಮತ್ತೇನು ಮಾಡಲಿ?